ತಡವಾಗಿ ಹತ್ತುವ ದೀಪ

“ಅರ್ಥವಾಯಿತೇ ಮಕ್ಕಳೇ?” ಎಂದು ದಾಕ್ಷಾಯಿಣಿ ಟೀಚರ್ ಕೇಳಿದರು.

ಆರನೆಯ ತರಗತಿಯ ಒಂದು ಮಗುವೂ ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ. ಪ್ರತಿಯೊಂದು ಡೆಸ್ಕಿನ ಮೂಲೆಯಲ್ಲಿ ಹುಣಸೆಬೀಜದ ಗಾತ್ರದ ಗಾಜಿನ ಗುಂಡೊಂದನ್ನು ಕೂರಿಸಲಾಗಿತ್ತು. ಅವುಗಳಲ್ಲಿ ಮೊದಲು ತನ್ವೀರನ ಮುಂದಿನದು ಹಸಿರಾಗಿ ಹತ್ತಿತು. ಆ ತರಗತಿಯಲ್ಲಿ ಯಾವಾಗಲೂ ಮೊದಲು ಹತ್ತುವುದು ಅವನದೇ. ಬಳಿಕ ಕಿಟಕಿಯ ಪಕ್ಕದ ಸಾಲು, ಅದರ ಹಿಂದಿನ ಸಾಲು, ಆಮೇಲೆ ಗೋಡೆಯ ಪಕ್ಕದವರು. ಸಂಜೆಯ ಹೊತ್ತು ಓಣಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಹಚ್ಚಿದಂತೆ ಕೋಣೆ ತುಂಬ ಬೆಳಕಿನ ಚುಕ್ಕೆಗಳು ಮೂಡಿದವು. ಒಂದು ಮಾತ್ರ ಕಪ್ಪಗೆ ಉಳಿಯಿತು.

ಅದರ ಹಿಂದಿನಿಂದ ಒಂದು ಕೈ ಮೇಲೆದ್ದಿತು. “ಟೀಚರ್, ಇನ್ನೊಮ್ಮಿ ಹೇಳ್ರಿ.”

“ಬಂತಪ್ಪ ಹುಲಿ. ಇವತ್ತೂ ಊಟ ಲೇಟು” ಎಂದು ತನ್ವೀರ್ ಪಕ್ಕದವನಿಗೆ ಪಿಸುಗುಟ್ಟಿದ. ಮುಂದಿನ ಸಾಲು ಕಿಸಕ್ಕೆಂದಿತು. ಟೀಚರ್ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ನಗು ಅಲ್ಲಲ್ಲೇ ಅಡಗಿತು.

ಕೈ ಎತ್ತಿದವಳ ಹೆಸರು ಹುಲಿಗೆಮ್ಮ. ಬಯಲುಸೀಮೆಯಿಂದ ಮಹಾನಗರಕ್ಕೆ ಬಂದು ಕಟ್ಟಡಗಳಲ್ಲಿ ಗಾರೆಕೆಲಸ ಮಾಡುವ ದುರುಗವ್ವನ ಒಬ್ಬಳೇ ಮಗಳು. ಅವಳ ಸಂಶಯ ಆ ದಿನ ಭಿನ್ನರಾಶಿಯನ್ನು ಕುರಿತದ್ದಾಗಿತ್ತು. “ಭಾಗ ಮಾಡಿದ್ರ ಕಡಿಮಿ ಆಗಬೇಕಲ್ರಿ? ಮೂರನ್ನ ಅರ್ಧದಿಂದ ಭಾಗಿಸಿದ್ರ ಆರು ಹೆಂಗ ಬರತೈತಿ? ಹೆಚ್ಚು ಹೆಂಗ ಆಗತೈತಿ?”

ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕೆಂಬ ನಿಯಮವನ್ನು ದಾಕ್ಷಾಯಿಣಿಯವರು ಆಗಲೇ ಹೇಳಿಯಾಗಿತ್ತು. ಆದರೆ ನಿಯಮವು ಈ ಪ್ರಶ್ನೆಗೆ ಉತ್ತರವಲ್ಲ. ಅವರು ಕರಿಹಲಗೆಯ ಮೇಲೆ ಮೂರು ರೊಟ್ಟಿಗಳನ್ನು ಬರೆದರು. ಒಬ್ಬೊಬ್ಬರಿಗೆ ಅರ್ಧ ರೊಟ್ಟಿಯಂತೆ ಕೊಟ್ಟರೆ ಎಷ್ಟು ಜನರಿಗೆ ಊಟವಾದೀತೆಂದು ಕೇಳಿದರು. ಹುಲಿಗೆಮ್ಮ ರೊಟ್ಟಿಗಳನ್ನೇ ದಿಟ್ಟಿಸಿದಳು. ಅವಳ ಉಸಿರು ಒಂದು ಗಳಿಗೆ ನಿಂತು ಮೆಲ್ಲಗೆ ಹೊರಬಂತು.

“ಆರು ಮಂದಿಗಿ” ಎಂದಳು. ಕಪ್ಪಗಿದ್ದ ಗುಂಡು ಹಸಿರಾಯಿತು.

ಎಲ್ಲರೂ ಅವಳ ದೀಪವನ್ನೇ ನೋಡುತ್ತಿದ್ದುದರಿಂದ, ತನ್ವೀರ್ ಬಾಯಿ ಅರೆದೆರೆದು ಆ ರೊಟ್ಟಿಗಳನ್ನು ನೋಡುತ್ತ ಕುಳಿತದ್ದನ್ನು ಯಾರೂ ಗಮನಿಸಲಿಲ್ಲ.

ಆ ಗಾಜಿನ ಗುಂಡಿನ ಹೆಸರು ಅರಿವುದೀಪ. ಅದರ ಹುಟ್ಟಿಗೆ ಕಾರಣವಾದದ್ದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಒಂದು ಸುಳ್ಳು. ಪಾಠ ಮುಗಿಸಿದ ಮೇಷ್ಟರು “ಅರ್ಥವಾಯಿತೇ?” ಎಂದು ಕೇಳುವುದು, ಇಡೀ ತರಗತಿ ಒಂದೇ ರಾಗದಲ್ಲಿ “ಆಯ್ತೂ ಸಾರ್” ಎಂದು ಹಾಡುವುದು. ಹಾಡಿದವರಲ್ಲಿ ಅರ್ಧದಷ್ಟು ಮಕ್ಕಳಿಗೆ ಏನೂ ಅರ್ಥವಾಗಿರುತ್ತಿರಲಿಲ್ಲ. ಹಾಗೆಂಬುದು ಮೇಷ್ಟರಿಗೂ ತಿಳಿದಿರುತ್ತಿತ್ತು. ಆದರೂ ಪುಸ್ತಕ ಮಗುಚಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಸತ್ಯವನ್ನು ಕಲಿಸಬೇಕಾದ ಜಾಗದಲ್ಲಿ ದಿನಕ್ಕೆ ಹತ್ತಾರು ಸಲ ಸಾಮೂಹಿಕವಾಗಿ ಸುಳ್ಳು ಹೇಳಿಸುತ್ತಿದ್ದ ಆ ಪದ್ಧತಿಯ ಬಗ್ಗೆ ಯಾರಿಗೂ ನಾಚಿಕೆಯಾಗಲಿಲ್ಲವೆಂಬುದೇ ನಾಚಿಕೆಗೇಡು.

ನಾಚಿಕೆಯಾದದ್ದು ಡಾ. ಅನಂತಪದ್ಮ ಬಲ್ಲಾಳರಿಗೆ. ಅವರು ಮಹಾನಗರ ಶಾಲಾ ಮಂಡಲದ ಮುಖ್ಯ ವಿಜ್ಞಾನಿ. ಹಿಂದೊಮ್ಮೆ ಅದೇ ಮಂಡಲದ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ “ಆಯ್ತೂ ಸಾರ್” ಎಂದು ಕೂಗಿದವರು. ಮನುಷ್ಯನಿಗೆ ಯಾವುದೇ ವಿಷಯ ಹೊಳೆದ ಕ್ಷಣದಲ್ಲಿ ಉಸಿರು ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು ನಿಂತು ಸಡಿಲವಾಗುತ್ತದೆ, ಕಣ್ಣಪಾಪೆ ಹಿಗ್ಗಿ ಕುಗ್ಗುತ್ತದೆ, ಹಣೆಯ ಶಾಖ ಅಣುಮಾತ್ರ ಇಳಿಯುತ್ತದೆ ಎಂಬುದನ್ನು ಅವರು ಕಂಡುಹಿಡಿದರು. ಈ ಮೂರನ್ನೂ ದೂರದಿಂದಲೇ ಗುರುತಿಸುವ ಸೂಕ್ಷ್ಮ ಸಂವೇದಕವನ್ನು ಗಾಜಿನ ಗುಂಡಿನೊಳಗೆ ಅಡಗಿಸಿದರು. ಮಗುವಿನ ಮೈ ಮುಟ್ಟುವ ತಂತಿಯಿಲ್ಲ, ತಲೆಗೆ ಪಟ್ಟಿಯಿಲ್ಲ. ತಿಳಿದರೆ ಹತ್ತುತ್ತದೆ, ಇಲ್ಲವಾದರೆ ಇಲ್ಲ. ಮೊದಲೇ ಕಲಿತದ್ದನ್ನು ಮರುದಿನ ನೆನಪಿಸಿದಾಗ, ಅದು ಮನಸ್ಸಿನಲ್ಲಿ ಉಳಿದಿದ್ದರೆ ಅದೇ ದೀಪ ಹಳದಿಯಾಗಿ ಬೆಳಗುತ್ತದೆ. ಅದಕ್ಕೆ ಮರುಬೆಳಕು ಎಂದು ಹೆಸರು.

ಇಂಥ ದೀಪವನ್ನು ಯಾರಾದರೂ ವ್ಯಾಪಾರಿಯ ಕೈಗೆ ಕೊಟ್ಟಿದ್ದರೆ, ಅದು ಊರಿನ ಶ್ರೀಮಂತರ ಮಕ್ಕಳ ಮುಂದೆ ಮಾತ್ರ ಉರಿಯುತ್ತಿತ್ತು. ಬಲ್ಲಾಳರು ಹಾಗೆ ಮಾಡಲಿಲ್ಲ, ಮಂಡಲವೂ ಹಾಗಾಗಗೊಡಲಿಲ್ಲ. ಆ ಮಂಡಲದ ಹಿರಿಮೆಯನ್ನು ಇಲ್ಲಿ ಹೇಳದೆ ಮುಂದುವರಿಯುವುದು ಕೃತಘ್ನತೆಯಾದೀತು. ಶಾಲೆಯನ್ನು ಅಂಗಡಿ ಮಾಡಿಕೊಂಡವರು ತಾಯಂದಿರ ಕೊರಳ ಸರವನ್ನೂ ಬಿಚ್ಚಿಸಿಕೊಂಡ ಕಾಲವೊಂದಿತ್ತು. ಸರಕಾರದ ಶಾಲೆಯೆಂದರೆ ಸೋರುವ ಚಾವಣಿ, ಬೇರೆ ಗತಿಯಿಲ್ಲದವರ ಗೂಡು ಎಂದು ಮೂಗು ಮುರಿಯುತ್ತಿದ್ದ ಕಾಲ ಅದು. ಅಂಥ ಶಾಲೆಗಳನ್ನು ಒಂದೇ ಆಡಳಿತಕ್ಕೆ ತಂದು, ಚಾವಣಿಯಿಂದ ಪ್ರಯೋಗಶಾಲೆಯವರೆಗೆ ಹೊಸದಾಗಿ ಕಟ್ಟಿದ್ದು ಈ ಮಂಡಲ. ಮೇಲ್ಸೇತುವೆಗಳ ಅಡಿಯಲ್ಲಿ, ಕೆರೆಯ ಏರಿಯ ಪಕ್ಕದಲ್ಲಿ, ಗಗನಚುಂಬಿಗಳ ನಡುವಿನ ಅಂತಸ್ತುಗಳಲ್ಲಿ ಅದರ ಶಾಲೆಗಳು ಹರಡಿದ್ದವು. ಬೆಳಿಗ್ಗೆ ಒಂದೇ ಹೊತ್ತಿಗೆ ಅವುಗಳ ಗಂಟೆಗಳು ಬಾರಿಸಿದರೆ ಇಡೀ ಮಹಾನಗರವೇ ಒಂದು ಶಾಲೆಯೆಂದು ತೋರುತ್ತಿತ್ತು. ನ್ಯಾಯಾಧೀಶರ ಮಗಳೂ ಗಾರೆಯವಳ ಮಗಳೂ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಸಾಲಿನಲ್ಲಿ ನಿಂತು, ಒಂದೇ ಹಂಡೆಯ ಸಾರು ಉಣ್ಣುತ್ತಿದ್ದರು. ದಾಕ್ಷಾಯಿಣಿಯವರು ಪಾಠ ಹೇಳುತ್ತಿದ್ದ ಗಾಣದ ಬೀದಿ ಶಾಲೆಯು ಅವುಗಳಲ್ಲಿ ಹಳೆಯದು; ಅವರು ಅದರ ಹೊಸ್ತಿಲನ್ನು ದಿನವೂ ಬಗ್ಗಿ ಮುಟ್ಟಿ ಒಳಗೆ ಹೋಗುತ್ತಿದ್ದರು.

ಅರಿವುದೀಪ ಬಂದ ಮೇಲೆ ಮಂಡಲದ ಶಾಲೆಗಳಲ್ಲಿ ಸುಳ್ಳು ನಿಂತಿತು. ಕಪ್ಪಗಿರುವ ದೀಪವನ್ನು ಬಿಟ್ಟು ಮುಂದೆ ಹೋಗಲು ಯಾವ ಶಿಕ್ಷಕರಿಗೂ ಮನಸ್ಸಾಗಲಿಲ್ಲ. ಮಕ್ಕಳು ಕಲಿತರು. ಊರು ಹೊಗಳಿತು. ಹೊಗಳಿಕೆ ಸಾಲದೆನ್ನಿಸಿದಾಗ ಮನುಷ್ಯ ತಪ್ಪು ಮಾಡುತ್ತಾನೆ; ಸಂಸ್ಥೆಗಳೂ ಮಾಡುತ್ತವೆ.

ದೀಪ ಬಂದ ಮರುವರ್ಷ, ಹುಲಿಗೆಮ್ಮ ಆರನೆಯ ತರಗತಿಯಲ್ಲಿದ್ದಾಗ, ಮಂಡಲದಿಂದ ‘ಸಮಗತಿ ವಿಂಗಡಣೆ’ಯ ಆದೇಶ ಹೊರಟಿತು. ಎಲ್ಲ ಶಾಲೆಗಳ ದೀಪಗಳೂ ತಾವು ಹತ್ತಿದ ಹೊತ್ತನ್ನು ಮಂಡಲದ ಕೇಂದ್ರ ಗಣಕಕ್ಕೆ ತಿಳಿಸುತ್ತಿದ್ದವು. ಬೇಗ ತಿಳಿಯುವವರು, ತಡವಾಗಿ ತಿಳಿಯುವವರು ಒಂದೇ ಕೋಣೆಯಲ್ಲಿರುವುದರಿಂದ ಇಬ್ಬರಿಗೂ ನಷ್ಟ. ಆದ್ದರಿಂದ ಸಮಾನ ವೇಗದವರನ್ನು ಒಟ್ಟಿಗೆ ಕೂರಿಸಬೇಕೆಂದು ಗಣಕ ಲೆಕ್ಕ ಹಾಕಿತು. ನಿಧಾನದವರಿಗಾಗಿ ಕೆರೆಯ ದಂಡೆಯಲ್ಲಿ ಹೊಸ ಕಟ್ಟಡವೆದ್ದಿತು. ಅದಕ್ಕೆ ‘ಸಾವಧಾನ ಶಾಲೆ’ ಎಂಬ ಸವಿಯಾದ ಹೆಸರನ್ನಿಟ್ಟರು. ಕಹಿಮದ್ದಿಗೆ ಬೆಲ್ಲ ಸವರುವುದು ನಮಗೆ ಹೊಸದಲ್ಲ. ಗಾಣದ ಬೀದಿಯಿಂದ ಅಲ್ಲಿಗೆ ಹೋಗಬೇಕಾದವಳು ಹುಲಿಗೆಮ್ಮ.

ದುರುಗವ್ವ ಮೈಮೇಲಿನ ಸಿಮೆಂಟಿನ ಧೂಳನ್ನೂ ಕೊಡವದೆ ಶಾಲೆಗೆ ಬಂದಳು. “ನನ್ನ ಮಗಳು ದಡ್ಡಿ ಅಂತ ಸರಕಾರದ ಮುದ್ರಿ ಒತ್ತಿ ಕಳಸಾಕತ್ತೀರೇನ್ರಿ ಅಕ್ಕಾರ?” ಎಂದಳು. ಅಳಲಿಲ್ಲ. ಹುಲಿಗೆಮ್ಮ ತಾಯಿಯ ಸೆರಗು ಹಿಡಿದು, ಬಿಡಿಸಲಾಗದ ಲೆಕ್ಕವನ್ನು ನೋಡುವಂತೆ ಟೀಚರ್ ಮುಖ ನೋಡುತ್ತಿದ್ದಳು. ಈ ಶಾಲೆಯನ್ನು ಬಿಟ್ಟು ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅವಳು ಊರು ಬಿಟ್ಟು ಬಂದ ಮೇಲೆ ಒಂದೇ ಕಡೆ ಇಷ್ಟು ತಿಂಗಳು ಇದ್ದದ್ದು ಈ ತರಗತಿಯಲ್ಲಿ ಮಾತ್ರ.

ದಾಕ್ಷಾಯಿಣಿಯವರು ಅದೇ ಮಧ್ಯಾಹ್ನ ಮಂಡಲದ ಕಚೇರಿಗೆ ಹೋಗಿ ಬಲ್ಲಾಳರ ಎದುರು ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಡಾಕ್ಟರೇ, ದೀಪ ಹಚ್ಚಿದವರು ನೀವು. ಆ ದೀಪದಿಂದಲೇ ಮಕ್ಕಳ ಹಣೆಗೆ ಬರೆ ಹಾಕುತ್ತಿದ್ದೀರಿ.”

ಬಲ್ಲಾಳರು ಸೌಮ್ಯವಾಗಿಯೇ ವಿವರಿಸಿದರು. ಸಾವಧಾನ ಶಾಲೆಗೆ ಮಂಡಲದ ಅತ್ಯಂತ ತಾಳ್ಮೆಯ ಶಿಕ್ಷಕರನ್ನು ಆರಿಸಿ ಕಳುಹಿಸಿದೆ. ಅಲ್ಲಿ ಹುಲಿಗೆಮ್ಮನನ್ನು ನೋಡಿ ನಗುವವರಿಲ್ಲ, ಅವಳಿಗಾಗಿ ಊಟಕ್ಕೆ ತಡವಾಯಿತೆಂದು ಗೊಣಗುವವರಿಲ್ಲ. ಇತ್ತ ಉಳಿದವರು ತಮ್ಮ ವೇಗದಲ್ಲಿ ಓಡಬಹುದು. ಇದರಲ್ಲಿ ಯಾರಿಗೆ ಅನ್ಯಾಯ?

ಟೀಚರ್ ಹೇಳಿದ್ದು ಇಷ್ಟೇ: ಆ ಮಗುವಿನ ಮನಸ್ಸು ನೋಯುತ್ತದೆ. ಬಲ್ಲಾಳರು ತಲೆ ತಗ್ಗಿಸಿ, ನೋವು ಸ್ವಲ್ಪ ದಿನದ್ದು, ಕಲಿಕೆ ಜೀವನದುದ್ದಕ್ಕೂ ಇರುವಂಥದು ಎಂದರು. ಕರುಣೆಯನ್ನೊಂದೇ ಹಿಡಿದು ವಾದಕ್ಕೆ ಹೋದವರು ಲೆಕ್ಕದ ಮುಂದೆ ಸೋಲುತ್ತಾರೆ, ಟೀಚರೂ ಸೋತರು.

ಹುಲಿಗೆಮ್ಮ ಹೋದಳು. ಅವಳ ಡೆಸ್ಕಿನಲ್ಲಿ ಜಾಣನೊಬ್ಬ ಬಂದು ಕುಳಿತ.

ಮೊದಲ ವಾರವೇ ತರಗತಿಯ ಚಹರೆ ಬದಲಾಯಿತು. ಪಾಠ ಮುಗಿಯುವ ಮೊದಲೇ ದೀಪಗಳೆಲ್ಲ ಹತ್ತುತ್ತಿದ್ದವು. ಒಂದು ಪಾಠದ ಅವಧಿಯಲ್ಲಿ ಎರಡು ಪಾಠ ಮುಗಿದವು. ಎರಡನೆಯ ಸಲ ಹೇಳುವುದಿಲ್ಲ, ಮೂರನೆಯ ಸಲಕ್ಕೆ ಹೊಸ ಉದಾಹರಣೆ ಹುಡುಕುವುದಿಲ್ಲ, ಸಂಜೆಗೆ ಗಂಟಲು ಕಟ್ಟುವುದಿಲ್ಲ. ಇದು ಹಿತವಾಗಿದೆಯೆಂದು ದಾಕ್ಷಾಯಿಣಿಯವರಿಗೆ ಒಂದು ಸಂಜೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವರು ತಮ್ಮನ್ನೇ ಬೈದುಕೊಂಡರು. ಆದರೂ ಹಿತವಾಗಿಯೇ ಇತ್ತು, ನಿಜವನ್ನು ಮುಚ್ಚಿಡಬಾರದು.

ಋಣ ಸಂಖ್ಯೆಗಳ ಪಾಠವನ್ನು ಅವರು ಹೀಗೆಯೇ ಮುಗಿಸಿದರು. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ನಿಯಮ, ಎರಡು ಲೆಕ್ಕ. ಕೋಣೆ ತುಂಬ ಹಸಿರು. ಮರುದಿನ ಬೆಳಿಗ್ಗೆ ಅದೇ ವಿಷಯವನ್ನೆತ್ತಿ ಮರುಬೆಳಕಿಗಾಗಿ ಕಾದರು. ಯಾವ ದೀಪವೂ ಹಳದಿಯಾಗಲಿಲ್ಲ. ಗುಂಡುಗಳು ಕೆಟ್ಟಿವೆಯೆಂದುಕೊಂಡರು. ಅದರ ಮಾರನೆಯ ದಿನವೂ ಹಾಗೆಯೇ ಆಯಿತು. ತನ್ವೀರನ ದೀಪವೂ ಕಪ್ಪು.

ಕರೆ ಹೋದ ಮೇಲೆ ಬಲ್ಲಾಳರು ಉಪಕರಣದ ಪೆಟ್ಟಿಗೆ ಹಿಡಿದು ತಾವೇ ಬಂದರು. ಮಂಡಲದ ದೊಡ್ಡ ಹುದ್ದೆಯಲ್ಲಿದ್ದರೂ ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ಸಂಸ್ಕಾರ ಅವರಿಗಿತ್ತು. ಒಂದೊಂದೇ ಗುಂಡನ್ನು ಪರೀಕ್ಷಿಸಿದರು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ತನ್ವೀರನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಋಣವನ್ನು ಋಣದಿಂದ ಗುಣಿಸಿದರೆ ಏನು ಬರುತ್ತದೆಂದು ಕೇಳಿದರು.

“ಧನ ಸಾರ್.”

“ಯಾಕೆ?”

ತನ್ವೀರ್ ಹಲಗೆ ನೋಡಿದ, ಸೂರು ನೋಡಿದ, ಪಕ್ಕದವನನ್ನು ನೋಡಿದ. “ಹುಲಿಗೆಮ್ಮ ಇದ್ದಿದ್ರೆ ಕೇಳಿರೋಳು ಸಾರ್” ಎಂದ.

“ನೀನೇ ಕೇಳಬಹುದಿತ್ತಲ್ಲ?”

“ನನ್ನ ದೀಪ ಹತ್ತಿತ್ತಲ್ಲ ಸಾರ್.”

ಬಲ್ಲಾಳರು ಎದ್ದಾಗ ಅವರ ಮುಖ ಸಪ್ಪಗಾಗಿತ್ತು. ಟೀಚರ್ ಅವರನ್ನು ಸಿಬ್ಬಂದಿಯ ಕೋಣೆಗೆ ಕರೆದೊಯ್ದು ಚಹಾ ತರಿಸಿದರು. ಚಹಾ ಆರುತ್ತಿರುವಂತೆ ವಿಜ್ಞಾನಿ ತಮಗೆ ಹೊಳೆದದ್ದನ್ನು ಹೇಳಿದರು.

ತಿಳಿಯುವುದರಲ್ಲಿ ಎರಡು ಹಂತಗಳಿವೆ. ಒಂದು ಗ್ರಹಣ, ಇನ್ನೊಂದು ಧಾರಣ. ನಿಯಮವೊಂದು ಕೈಗೆ ಸಿಕ್ಕಿದ ಕೂಡಲೇ ಮನಸ್ಸಿಗೆ ನೆಮ್ಮದಿಯಾಗುತ್ತದೆ. ಉಸಿರು ಸಡಿಲುತ್ತದೆ, ದೀಪ ಹತ್ತುತ್ತದೆ. ಇದು ಗ್ರಹಣ. ಆದರೆ ಹಸಿ ಗೋಡೆಯ ಮೇಲೆ ಬಳಿದ ಸುಣ್ಣದಂತೆ ಅದು ನಿಲ್ಲುವುದಿಲ್ಲ. ಆಗಲೇ, ಆ ಹಸಿ ಆರುವ ಮೊದಲೇ, ಅದೇ ವಿಷಯವನ್ನು ಬೇರೊಂದು ದಿಕ್ಕಿನಿಂದ ಯಾರಾದರೂ ಕೆದಕಬೇಕು. ಹೀಗೇಕೆ, ಹಾಗೇಕಲ್ಲ ಎಂದು ಕೇಳಬೇಕು. ಆಗ ಅದು ಒಳಗೆ ಇಳಿಯುತ್ತದೆ. ಇದು ಧಾರಣ.

“ಕೆದಕುವ ಕೆಲಸ ಮಾಡುತ್ತಿದ್ದವಳನ್ನೇ ನಾನು ಎತ್ತಿ ಕಳುಹಿಸಿದೆ. ಅವಳು ತರಗತಿಯನ್ನು ಹಿಂದಕ್ಕೆ ಎಳೆಯುತ್ತಿದ್ದಾಳೆಂದು ನನ್ನ ಗಣಕ ಹೇಳಿತ್ತು, ಟೀಚರ್. ಅವಳು ಇಡೀ ತರಗತಿಗೆ ಬುನಾದಿ ಹಾಕುತ್ತಿದ್ದಳು.”

ದಾಕ್ಷಾಯಿಣಿಯವರಿಗೆ ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ. ಆ ದಿನ ಮಂಡಲದ ಕಚೇರಿಯಲ್ಲಿ ಅವರು ಆ ಹುಡುಗಿಗಾಗಿ ಕರುಣೆ ಬೇಡಿದ್ದರು. ಕರುಣೆ ಬೇಕಾಗಿದ್ದದ್ದು ಅವಳಿಗಲ್ಲ. ಅವಳನ್ನು ಕಳೆದುಕೊಂಡ ಈ ಜಾಣರಿಗೆ.

ಶನಿವಾರ ಮಧ್ಯಾಹ್ನ ಇಬ್ಬರೂ ಸಾವಧಾನ ಶಾಲೆಗೆ ಹೋದರು. ಕಟ್ಟಡ ಚೆಂದವಾಗಿತ್ತು. ಕಿಟಕಿಯಾಚೆ ಕೆರೆಯ ನೀರು ಮಿನುಗುತ್ತಿತ್ತು. ಶಿಕ್ಷಕಿ ತಾಳ್ಮೆಯ ಮೂರ್ತಿ. ಪ್ರತಿಯೊಂದನ್ನೂ ಯಾರೂ ಕೇಳದೆಯೇ ಮೂರು ಮೂರು ಸಲ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ಹುಲಿಗೆಮ್ಮನೂ ಹಾಗೆಯೇ ಕುಳಿತಿದ್ದಳು. ಇಲ್ಲಿ ಏನಾದರೂ ಪ್ರಶ್ನೆ ಕೇಳಿದೆಯಾ ಎಂದು ದಾಕ್ಷಾಯಿಣಿಯವರು ಅವಳನ್ನು ಹೊರಗೆ ಕರೆದು ವಿಚಾರಿಸಿದರು.

“ಇಲ್ಲಿ ಕೇಳೂದ ಬ್ಯಾಡ್ರಿ ಟೀಚರ್. ಅವರ ಹೇಳತಾರ” ಎಂದಳು. ಬಳಿಕ ಕೆರೆಯ ಕಡೆ ತಿರುಗಿ, “ಕೇಳಿದ್ರೂ ಯಾರೂ ನಗಂಗಿಲ್ರಿ” ಎಂದಳು. ಅದನ್ನು ಅವಳು ದೂರಿನಂತೆ ಹೇಳಿದಳು.

ಮುಂದಿನ ತಿಂಗಳು ಹುಲಿಗೆಮ್ಮ ಗಾಣದ ಬೀದಿಗೆ ಮರಳಿದಳು. ತನ್ವೀರ್ ಅವಳನ್ನು ಕಂಡು, “ಬಂತಪ್ಪ ಹುಲಿ” ಎಂದ. ಈ ಸಲ ಪಿಸುಗುಟ್ಟಲಿಲ್ಲ, ಬಾಗಿಲ ಬಳಿಯೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಋಣ ಸಂಖ್ಯೆಯ ಪಾಠ ಮತ್ತೆ ನಡೆಯಿತು. “ಸಾಲ ಇರೂದನ್ನ ಕಳೆದ್ರ ಗಂಟು ಹೆಚ್ಚಾದಂಗ ಏನ್ರಿ?” ಎಂದು ಹುಲಿಗೆಮ್ಮ ಕೇಳಿದಳು. ಮರುದಿನ ಬೆಳಿಗ್ಗೆ ಇಡೀ ಕೋಣೆ ಚೆಂಡುಹೂವಿನ ತೋಟದಂತೆ ಹಳದಿಯಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನು ಒಂದು ಸತ್ಯವನ್ನು ಕಂಡ ಕೂಡಲೇ ಅದನ್ನು ನಿಯಮ ಮಾಡಿ ಕೆಡಿಸುತ್ತಾನೆ. ಮಂಡಲವು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವ ಆಡಳಿತ ಅಪರೂಪವಾದ್ದರಿಂದ ಅದಕ್ಕೊಂದು ನಮಸ್ಕಾರ. ಆದರೆ ಒಪ್ಪಿಕೊಂಡು ಸುಮ್ಮನಿರಲಿಲ್ಲ. ವಿಂಗಡಣೆಯನ್ನು ತಿರುಗಿಸಿ ‘ತಡದೀಪ ಹಂಚಿಕೆ’ಯನ್ನು ತಂದಿತು. ಪ್ರತಿಯೊಂದು ತರಗತಿಗೂ ತಡವಾಗಿ ದೀಪ ಹತ್ತುವ ಒಂದು ಮಗುವಾದರೂ ಇರಲೇಬೇಕು. ಎಲ್ಲಿ ಇಲ್ಲವೋ ಅಲ್ಲಿಗೆ ಗಣಕ ಒಬ್ಬರನ್ನು ಕಳುಹಿಸುವುದು.

ಊರಿಗೆ ಹುಚ್ಚು ಹಿಡಿಯಿತು. ಹಿಂದೆ ಪ್ರವೇಶಪರೀಕ್ಷೆ ಮಾಡಿ ನಿಧಾನದ ಮಕ್ಕಳನ್ನು ಬಾಗಿಲಿನಿಂದಲೇ ಅಟ್ಟುತ್ತಿದ್ದ ಖಾಸಗಿ ಶಾಲೆಗಳು ಈಗ ಅವರನ್ನು ಹುಡುಕಿಕೊಂಡು ಹಣ್ಣಿನ ಬುಟ್ಟಿ ಹಿಡಿದು ಓಣಿ ಓಣಿ ಅಲೆದವು. ಮಕ್ಕಳಿಗೆ ತಡವಾಗಿ ತಿಳಿಯುವುದನ್ನು ಕಲಿಸಿಕೊಡುವ ಟ್ಯೂಷನ್ ಕೇಂದ್ರಗಳೂ ತೆರೆದವು. ಅಲ್ಲಿಗೆ ಮಕ್ಕಳನ್ನು ಕಳುಹಿಸಿದವರು ಓದಿದ ತಂದೆತಾಯಿಗಳೇ. ದುರುಗವ್ವನ ಶೆಡ್ಡಿನ ಮುಂದೆಯೂ ಒಂದು ದಿನ ಟೈ ಕಟ್ಟಿದವರೊಬ್ಬರು ಬಂದು ನಿಂತರು. ಅವಳು ಅವರ ಹಣ್ಣಿನ ಬುಟ್ಟಿಯನ್ನು ನೋಡಿ, “ದಡ್ಡಿ ಅಂತ ಒಮ್ಮಿ ಕಳಿಸಿದ್ರಿ, ಈಗ ದಡ್ಡಿ ಬೇಕು ಅಂತ ಬಂದೀರಿ. ನಿಮ್ಮ ಶಾಣ್ಯಾತನ ನಮ್ಮ ತಲಿಗಿ ಹತ್ತಂಗಿಲ್ಲ ಬಿಡ್ರಿ, ಯಪ್ಪಾ” ಎಂದು ಕೈಮುಗಿದು ಕಳುಹಿಸಿದಳಂತೆ. ಮಗು ಊಟಕ್ಕೆ ನೆಂಚಿಕೊಳ್ಳುವ ಉಪ್ಪಿನಕಾಯಿಯೇ, ಎಲೆಗೊಂದರಂತೆ ಬಡಿಸಲು ಎಂದು ದಾಕ್ಷಾಯಿಣಿಯವರು ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ಕೇಳಿದರು. ಚಪ್ಪಾಳೆ ಬಿತ್ತು, ನಿಯಮ ಬದಲಾಗಲಿಲ್ಲ.

ಅವರ ಆತಂಕಕ್ಕೆ ಇನ್ನೊಂದು ಕಾರಣವಿತ್ತು. ಕೇಳಿ ಕೇಳಿ, ಕೇಳಿದ್ದಕ್ಕೆ ಉತ್ತರ ಸಿಕ್ಕಿ ಸಿಕ್ಕಿ, ಹುಲಿಗೆಮ್ಮನ ದೀಪ ಈಗ ಬೇಗ ಹತ್ತತೊಡಗಿತ್ತು. ಒಂದೆರಡು ದಿನ ತನ್ವೀರನದಕ್ಕಿಂತಲೂ ಮೊದಲೇ ಹತ್ತಿತು. ಗಣಕದ ಲೆಕ್ಕದಲ್ಲಿ ಅವಳು ತಡದೀಪವಾಗಿ ಉಳಿಯಲಿಲ್ಲ. ಆ ಜಾಗಕ್ಕೆ ಬೇರೊಬ್ಬರು ಬರಬೇಕು, ಅವಳು ಮತ್ತೊಂದು ಶಾಲೆಗೆ ಹೋಗಬೇಕು ಎಂದು ಆದೇಶ ತಯಾರಾಯಿತು. ನಿಧಾನವೆಂದು ಒಮ್ಮೆ ಹೊರಹಾಕಿದ್ದ ಮಗುವನ್ನು ಚುರುಕಾದಳೆಂದು ಮತ್ತೆ ಹೊರಹಾಕುವುದು ಯಾವ ನ್ಯಾಯ?

ಆದರೆ ಆದೇಶ ಹೊರಡುವ ಮುನ್ನ ಗಣಕ ತಾನೇ ಗೊಂದಲಕ್ಕೆ ಬಿದ್ದಿತು. ಅದು ಒಂದು ದೋಷವನ್ನು ವರದಿ ಮಾಡಿತ್ತು: ಗಾಣದ ಬೀದಿ ಶಾಲೆ, ಆರನೆಯ ತರಗತಿ, ಹುಲಿಗೆಮ್ಮನ ಡೆಸ್ಕಿನಲ್ಲಿ ದೀಪ ಹತ್ತಿರುತ್ತದೆ, ಆದರೂ ಮಗು ಕೈ ಎತ್ತಿ ತಿಳಿಯಲಿಲ್ಲವೆಂದು ಕೇಳುತ್ತದೆ, ಪದೇ ಪದೇ ಹೀಗಾಗುತ್ತಿದೆ, ದೀಪ ಬದಲಾಯಿಸತಕ್ಕದ್ದು.

ಬಲ್ಲಾಳರು ಮತ್ತೆ ಪೆಟ್ಟಿಗೆ ಹಿಡಿದು ಬಂದರು. ಆದೇಶವನ್ನು ತಡೆಹಿಡಿದಿದ್ದೇನೆ, ದೀಪ ಕೆಟ್ಟು ಸುಮ್ಮನೆ ಬೇಗ ಹತ್ತುತ್ತಿದ್ದರೆ ಮಾತ್ರ ಅವಳು ಇಲ್ಲಿಯೇ ಉಳಿಯುತ್ತಾಳೆ, ಸರಿಯಾಗಿದ್ದರೆ ಹೋಗಬೇಕಾಗುತ್ತದೆ ಎಂದು ಬಾಗಿಲಲ್ಲೇ ಟೀಚರಿಗೆ ತಗ್ಗಿದ ದನಿಯಲ್ಲಿ ಹೇಳಿದರು. ದಾಕ್ಷಾಯಿಣಿಯವರು ಬದುಕಿನಲ್ಲಿ ಮೊದಲ ಬಾರಿಗೆ ಒಂದು ಯಂತ್ರ ಕೆಟ್ಟಿರಲಿ ಎಂದು ದೇವರನ್ನು ಬೇಡಿಕೊಂಡರು. ವಿಜ್ಞಾನಿ ಹುಲಿಗೆಮ್ಮನ ಗುಂಡನ್ನು ಬಿಚ್ಚಿ ಪರೀಕ್ಷಿಸಿದರು. ಅದರಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಪಾಠ ನಡೆಯಲಿ ಎಂದು ಹೇಳಿ ಕೊನೆಯ ಸಾಲಿನ ಖಾಲಿ ಡೆಸ್ಕಿನಲ್ಲಿ ಮೈ ಹಿಡಿಯಾಗಿಸಿ ಕುಳಿತರು. ಚಿಕ್ಕಂದಿನಲ್ಲಿ ಅವರು ಕೂರುತ್ತಿದ್ದದ್ದೂ ಅಂಥದೇ ಜಾಗದಲ್ಲಿ.

ಆ ದಿನದ ಪಾಠ ಚಂದ್ರಗ್ರಹಣದ್ದು. ಚಂದ್ರ ತಿಂಗಳಿಗೊಮ್ಮೆ ಭೂಮಿಯನ್ನು ಸುತ್ತಿದರೂ ಪ್ರತಿ ಹುಣ್ಣಿಮೆಗೂ ಗ್ರಹಣ ಏಕಾಗುವುದಿಲ್ಲವೆಂಬ ಪ್ರಶ್ನೆ. ಟೀಚರ್ ಎರಡು ಬಳೆಗಳನ್ನು ಒಂದಕ್ಕೊಂದು ಓರೆಯಾಗಿ ಹಿಡಿದು ವಿವರಿಸಿದರು. ದೀಪಗಳು ಹತ್ತುತ್ತ ಬಂದವು. ಹುಲಿಗೆಮ್ಮನದು ಹತ್ತಿತು. ಪಕ್ಕದವನದು, ಅದರ ಪಕ್ಕದ್ದು, ಕಿಟಕಿಯ ಸಾಲಿನದು ಹತ್ತಿದವು. ಕಪ್ಪಗೆ ಉಳಿದದ್ದು ತನ್ವೀರನದು.

ಅದು ಎಂದೂ ಆಗದ ಸಂಗತಿ. ತನ್ವೀರನ ಕಿವಿ ಕೆಂಪಗಾಯಿತು. ಅವನು ಯಾರಿಗೂ ಕಾಣಬಾರದೆಂದು ಜಾಮಿಟ್ರಿ ಬಾಕ್ಸನ್ನು ಮೆಲ್ಲಗೆ ಗುಂಡಿನ ಮುಂದಕ್ಕೆ ತಳ್ಳಿದ. ಮುಂದಿನ ಸಾಲಿನವರು ಇನ್ನೇನು ತಿರುಗಬೇಕು, ಅಷ್ಟರಲ್ಲಿ ಹುಲಿಗೆಮ್ಮನ ಕೈ ಮೇಲೆದ್ದಿತು.

“ಟೀಚರ್, ಇನ್ನೊಮ್ಮಿ ಹೇಳ್ರಿ.”

ಎಲ್ಲರ ಕಣ್ಣು ಅವಳ ಕಡೆಗೆ ಹೋಯಿತು. ಅವಳ ಮುಂದೆ ದೀಪ ಹಸಿರಾಗಿ ಉರಿಯುತ್ತಿತ್ತು. ದಾಕ್ಷಾಯಿಣಿಯವರು ಆ ದೀಪವನ್ನು ನೋಡಿದರು, ಜಾಮಿಟ್ರಿ ಬಾಕ್ಸನ್ನು ನೋಡಿದರು. ಏನೂ ಹೇಳದೆ ಬಳೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಒಂದು ನೂಲನ್ನೂ ತೆಗೆದುಕೊಂಡು, ನೆರಳು ಎಲ್ಲಿ ತಪ್ಪಿಹೋಗುತ್ತದೆಂದು ಎಳೆದು ತೋರಿಸಿದರು. ಜಾಮಿಟ್ರಿ ಬಾಕ್ಸಿನ ಅಂಚಿನಿಂದ ಹಸಿರು ಬೆಳಕು ಇಣುಕಿತು.

ಇಷ್ಟು ಹೊತ್ತು ಬಲ್ಲಾಳರ ಗಮನ ಚಂದ್ರನ ಮೇಲೆ ಇರಲಿಲ್ಲ. ದೀಪ ಹತ್ತಿಯೂ ಆ ಮಗು ಕೈ ಎತ್ತಿದ್ದೇಕೆಂಬುದು ಅವರಿಗೆ ಬಗೆಹರಿಯಲಿಲ್ಲ. ಅವರು ಕುಳಿತಿದ್ದ ಡೆಸ್ಕಿನ ಗುಂಡು ಕಪ್ಪಗೆಯೇ ಇತ್ತು.

ಊಟದ ಗಂಟೆ ಬಾರಿಸಿ ಮಕ್ಕಳು ಹೊರಗೆ ನುಗ್ಗಿದ ಮೇಲೆ ಅವರು ಹುಲಿಗೆಮ್ಮನನ್ನು ಹತ್ತಿರ ಕರೆದರು. ಗದರಿಸಲಿಲ್ಲ, ನಿಜವಾಗಿ ತಿಳಿಯದವರು ಕೇಳುವಂತೆ ಕೇಳಿದರು. “ನಿನಗೆ ಅರ್ಥವಾಗಿತ್ತಲ್ಲವೇ ಮಗಳೇ? ಮತ್ತೆ ಯಾಕೆ ಕೇಳಿದೆ?”

“ನನಗ ತಿಳಿದಿತ್ರಿ ಸರ್. ತನ್ವೀರಗ ತಿಳಿದಿರಲಿಲ್ಲ. ಅವನ ದೀಪ ಕಪ್ಪಿತ್ತು, ನಾ ನೋಡಿದ್ನಿ.” ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ಅವಗ ಕೇಳಾಕ ನಾಚಿಕಿರಿ. ನನಗ ರೂಢಿ ಐತಿ.”

ವಿಜ್ಞಾನಿಯ ಉಸಿರು ಒಂದು ಗಳಿಗೆ ನಿಂತಿತು. ಶಿಕ್ಷಕರಿಗೆ ಕಾಣಲೆಂದು ಅವರು ಊರ ತುಂಬ ದೀಪ ಇರಿಸಿದ್ದರು. ಗಣಕಕ್ಕೆ ಕಾಣಲೆಂದು ಅದಕ್ಕೆ ಕಣ್ಣು ಜೋಡಿಸಿದ್ದರು. ಪಕ್ಕದ ಮಗುವಿಗೂ ಅದು ಕಾಣುತ್ತದೆಂಬುದನ್ನು, ಕಂಡ ಮಗು ಏನು ಮಾಡೀತೆಂಬುದನ್ನು, ಅವರೂ ಎಣಿಸಿರಲಿಲ್ಲ, ಮಂಡಲವೂ ಎಣಿಸಿರಲಿಲ್ಲ. ಉಸಿರು ಮೆಲ್ಲಗೆ ಹೊರಬಂತು.

“ಸರ್, ನಿಮ್ಮ ದೀಪ ಹತ್ತಿತು ನೋಡ್ರಿ” ಎಂದಳು ಹುಲಿಗೆಮ್ಮ.

ಬಲ್ಲಾಳರು ಕೆಳಗೆ ನೋಡಿದರು. ತಾವೇ ಮಾಡಿದ ಆ ಹಸಿರು ಬೆಳಕನ್ನು ಮೊದಲ ಸಲ ಕಂಡವರಂತೆ ಬಹಳ ಹೊತ್ತು ನೋಡಿದರು. ಬಳಿಕ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಹಾಗಾದರೆ ಏನೆಂದು ಬರೆಯುತ್ತೀರಿ, ದೀಪ ಸರಿಯಿದೆಯೆಂದೇ ಎಂದು ದಾಕ್ಷಾಯಿಣಿಯವರು ಕೇಳಿದರು. ಸುಳ್ಳು ಬರೆಯಿರೆನ್ನುವುದು ಅವರ ನಾಲಗೆಗೆ ಬರಲಿಲ್ಲ.

“ಸರಿಯಿದೆಯೆಂದೇ ಬರೆಯುತ್ತೇನೆ, ಟೀಚರ್. ಕೆಟ್ಟಿರುವುದು ಮಂಡಲದಲ್ಲಿ ನಾನು ಇರಿಸಿರುವ ಗಣಕ. ಈ ದೀಪಗಳ ಮಾತು ಈ ಕೋಣೆಯ ಬಾಗಿಲು ದಾಟಬಾರದು. ಇವತ್ತೇ ಗಣಕಕ್ಕೆ ಹೋಗುವ ತಂತಿ ಕತ್ತರಿಸುತ್ತೇನೆ. ಇನ್ನು ಯಾವ ಮಗುವನ್ನೂ ಯಾರೂ ಎಲ್ಲಿಗೂ ಕಳುಹಿಸುವುದಿಲ್ಲ.”

ಈ ಮಾತುಗಳಲ್ಲಿ ತನಗೆ ಬೇಕಾದದ್ದು ಎಷ್ಟೋ ಅಷ್ಟನ್ನು ಹಿಡಿದುಕೊಂಡು ಹುಲಿಗೆಮ್ಮ ಆಗಲೇ ಬಾಗಿಲು ದಾಟಿದ್ದಳು. ಅಂಗಳದಲ್ಲಿ ಊಟದ ಸಾಲು ಬೇಲಿಯವರೆಗೆ ಬೆಳೆದಿತ್ತು. ಸಾಲಿನ ನಡುವೆ ತನ್ವೀರ್ ಎರಡು ತಟ್ಟೆ ಹಿಡಿದು, ಹಿಂದಿನವರ ಬೈಗುಳಕ್ಕೆ ಕಿವಿಗೊಡದೆ ಜಾಗ ಕಾಯ್ದು ನಿಂತಿದ್ದ.